ಗಂಡನ ಊರಲ್ಲಿ ನೆಲೆಸಲು ಬೆಂಗಳೂರಿನ ಮನೆ ಮಾರಬೇಕೆ?

ಪ್ರಶ್ನೆ: ನನಗೆ 38 ವರ್ಷ. ಬೆಂಗಳೂರಿನ ಖಾಸಗಿ ಶಾಲೆಯೊಂದರಲ್ಲಿ ಗಣಿತ ಶಿಕ್ಷಕಿ, ಕೈಗೆ ಬರುವುದು 34,000 ರೂಪಾಯಿ. ನನ್ನವರಿಗೆ 43, ಸಾಫ್ಟ್‌ವೇರ್ ಕೆಲಸ, ಕೈಗೆ 1,15,000. ಈಗ ಅವರಿಗೆ ಮನೆಯಿಂದಲೇ ಕೆಲಸ, ತಿಂಗಳಿಗೆ ಎರಡು ದಿನ ಆಫೀಸಿಗೆ ಹೋದರೆ ಸಾಕು. ಮಗಳು ಐದನೇ ಕ್ಲಾಸು. ಸ್ವಂತ ಫ್ಲ್ಯಾಟ್ ಇದೆ. 21 ಲಕ್ಷ ಸಾಲ ಬಾಕಿ, ಕಂತು 38,000. ಅದು ಬಿಟ್ಟು ಮನೆಖರ್ಚು 72,000 (ಪಟ್ಟಿ ಕಳಿಸಿದ್ದೇನೆ). ನನ್ನವರ ಮನೆ ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯಿಂದ 14 ಕಿ.ಮೀ. ಒಳಗಿನ ಹಳ್ಳಿಯಲ್ಲಿದೆ. ಎಂಟು ತಿಂಗಳ ಹಿಂದೆ ಮಾವ ತೀರಿಕೊಂಡರು. 71 ವರ್ಷದ ಅತ್ತೆ ಒಬ್ಬರೇ ಇದ್ದಾರೆ, ಒಂದೂವರೆ ಎಕರೆ ಅಡಿಕೆ ತೋಟವಿದೆ. ಫ್ಲ್ಯಾಟ್ ಮಾರಿ ಸಾಗರ ಪೇಟೆಯಲ್ಲಿ ಮನೆ ತಗೊಳ್ಳೋಣ, ಖರ್ಚು ಅರ್ಧಕ್ಕರ್ಧ ಇಳಿಯುತ್ತದೆ, ಮಗಳಿಗೆ ಒಳ್ಳೆಯ ಗಾಳಿ, ಮುಂದೆ ಸಿಇಟಿಗೆ ಗ್ರಾಮೀಣ ಮೀಸಲಾತಿಯೂ ಸಿಗುತ್ತದೆ ಅನ್ನುತ್ತಾರೆ. ನಾನು ಹುಟ್ಟಿ ಬೆಳೆದದ್ದೆಲ್ಲ ಬೆಂಗಳೂರಿನಲ್ಲಿ. ನನ್ನ ಕೆಲಸ, ಮಗಳ ಓದು, ಆಸ್ಪತ್ರೆ, ಊರವರ ಕಣ್ಣು ಎಲ್ಲಕ್ಕೂ ಹೆದರಿಕೆ. ಬೇಡ ಅಂದರೆ ಅತ್ತೆಯನ್ನು ನೋಡಿಕೊಳ್ಳಲು ಮನಸ್ಸಿಲ್ಲದವಳು ಎಂಬ ಮಾತು ಬರುತ್ತದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರ ಓದಿ ಮುಗಿಸಿದಾಗ ನನಗೆ ಮೊದಲು ಹೊಳೆದದ್ದು ಲೆಕ್ಕವಲ್ಲ. ಇಡೀ ಪತ್ರದಲ್ಲಿ ನಿಮ್ಮವರು ಏನನ್ನುತ್ತಾರೆ ಎಂದಿದೆ, ನಿಮಗೇನು ಭಯ ಎಂದಿದೆ, ಊರವರು ಏನನ್ನಬಹುದು ಎಂದೂ ಇದೆ. ಅತ್ತೆಯವರು ಏನಂದರು ಎಂಬುದು ಮಾತ್ರ ಎಲ್ಲೂ ಇಲ್ಲ. ಅವರು ಇರುವುದು ಹಳ್ಳಿಯಲ್ಲಿ, ನೀವು ಮನೆ ನೋಡುತ್ತಿರುವುದು ಪೇಟೆಯಲ್ಲಿ. ಐವತ್ತು ವರ್ಷ ಅದೇ ಅಂಗಳ ಗುಡಿಸಿದ ಹೆಂಗಸು ಮನೆಗೆ ಬೀಗ ಹಾಕಿ ಪೇಟೆಗೆ ಬರುತ್ತಾರೆಯೇ? ಬರದಿದ್ದರೆ ಆಸ್ತಿ ಮಾರಿ ಇಷ್ಟು ದೂರ ಹೋದಮೇಲೂ ರಾತ್ರಿ ಹೊತ್ತು ಅವರು ಒಬ್ಬರೇ. ಇದನ್ನು ಕೇಳದೆ ಮುಂದಿನ ಯಾವ ಲೆಕ್ಕ ಹಾಕಿದರೂ ಅಡಿಪಾಯವಿಲ್ಲದ ಗೋಡೆಯಂತೆ.

ನಾನು ಶಿವಮೊಗ್ಗ ಜಿಲ್ಲೆಯ ಬ್ಯಾಂಕ್ ಶಾಖೆಗಳಲ್ಲಿ ಸಾಲದ ವಿಭಾಗದಲ್ಲಿ ಹದಿನಾಲ್ಕು ವರ್ಷ ಇದ್ದವನು, ಆಮೇಲೆ ಬೆಂಗಳೂರಿಗೆ ಬಂದು ಮನೆಮಂದಿಯ ಹಣಕಾಸಿನ ಸಲಹೆ ಕೊಡುತ್ತಿರುವವನು. ಅಂದರೆ ನಿಮ್ಮವರು ಹೋಗಬೇಕೆಂದಿರುವ ದಾರಿಯಲ್ಲಿ ನಾನು ಎದುರಿನಿಂದ ಬಂದಿದ್ದೇನೆ. ಊರಿಗೆ ಮರಳಿ ನೆಮ್ಮದಿಯಾಗಿರುವವರನ್ನೂ ಬಲ್ಲೆ, ಮೂರನೇ ವರ್ಷಕ್ಕೆ ಸಾಮಾನು ಕಟ್ಟಿದವರನ್ನೂ ಬಲ್ಲೆ.

ಖರ್ಚು ಅರ್ಧಕ್ಕೆ ಇಳಿಯುತ್ತದೆ ಎಂಬ ಮಾತನ್ನು ನಿಮ್ಮದೇ ಪಟ್ಟಿ ಇಟ್ಟುಕೊಂಡು ನೋಡೋಣ. ಸಾಗರಕ್ಕೆ ಹೋದರೆ ಶಾಲೆಯ ಖರ್ಚು ತಿಂಗಳಿಗೆ 11,000ದಿಂದ ಸುಮಾರು 5,000ಕ್ಕೆ ಬರಬಹುದು. ಅಡುಗೆಯವರು, ಮನೆಕೆಲಸದವರು, ಹೊರಗಿನ ಊಟ ಸೇರಿ 14,000 ಬರೆದಿದ್ದೀರಿ, 6,000 ಅನ್ನೋಣ. ಓಡಾಟದ 7,000 ಇದ್ದದ್ದು 3,000. ಒಟ್ಟು 18,000 ಉಳಿಯಿತು. ಅಕ್ಕಿ, ಬೇಳೆ, ಗ್ಯಾಸು, ಮೊಬೈಲು, ವಿಮೆ, ಔಷಧಿಗೆ ಊರು ಯಾವುದಾದರೂ ಬೆಲೆ ಹೆಚ್ಚುಕಡಿಮೆ ಅದೇ. ಈಗ ಏರುವ ಬದಿ. ಸದ್ಯಕ್ಕೆ ಮನೆ ಕೊಳ್ಳದೆ ಪೇಟೆಯಲ್ಲಿ ಬಾಡಿಗೆಗೆ ಇರುತ್ತೀರಿ ಎಂದಿಟ್ಟುಕೊಂಡರೆ 10,000. ನಿಮ್ಮವರು ತಿಂಗಳಿಗೊಮ್ಮೆ ಬೆಂಗಳೂರಿಗೆ ಬಂದುಹೋಗಲು 4,000. ಪೇಟೆಗೂ ಹಳ್ಳಿಗೂ ಕಾರು ಓಡಿಸುವುದು, ಅತ್ತೆಯವರನ್ನು ಶಿವಮೊಗ್ಗಕ್ಕೆ ತೋರಿಸಲು ಕರೆದೊಯ್ಯುವುದು ಅಂತ 3,000. ಅಲ್ಲಿಗೆ 17,000. ಅಂದಾಜಿನಲ್ಲಿ ಒಂದೆರಡು ಸಾವಿರ ಆಚೀಚೆ ಆದರೂ 72,000 ಇದ್ದದ್ದು 71,000 ಆಯಿತು, ಅಷ್ಟೆ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ ಬರುತ್ತದೆ. ಆ ಒಂಬತ್ತು ದಿನ ನಿಮ್ಮ ಮನೆಯೇ ಛತ್ರ. ಅದನ್ನಂತೂ ಲೆಕ್ಕಕ್ಕೆ ಹಿಡಿದಿಲ್ಲ.

ಇವತ್ತು ನಿಮ್ಮಿಬ್ಬರ ಸಂಬಳ ಸೇರಿ 1,49,000. ಖರ್ಚು, ಕಂತು ಕಳೆದು ಕೈಯಲ್ಲಿ ಉಳಿಯುವುದು 39,000. ಫ್ಲ್ಯಾಟನ್ನು ಮಾರದೆ ಬಾಡಿಗೆಗೆ ಕೊಟ್ಟು (ನೀವು ಬರೆದಂತೆ 26,000 ಬರುತ್ತದೆ) ಸಾಗರಕ್ಕೆ ಹೋದರೆ, ನಿಮಗೆ ಕೆಲಸ ಸಿಗದಿದ್ದಾಗ ಉಳಿಯುವುದು 32,000. ಅಲ್ಲಿನ ಶಾಲೆಯಲ್ಲಿ 12,000ದ ಕೆಲಸ ಸಿಕ್ಕರೆ 44,000.

ಫ್ಲ್ಯಾಟ್ ಮಾರಿ, ಸಾಲ ತೀರಿಸಿ, ಉಳಿದ ಹಣದಲ್ಲಿ ಸಾಗರದಲ್ಲಿ ಮನೆ ಕೊಂಡರೆ ಕಂತಿಲ್ಲ, ಬಾಡಿಗೆಯಿಲ್ಲ, ಅಪಾರ್ಟ್‌ಮೆಂಟಿನ 4,500 ನಿರ್ವಹಣೆ ಶುಲ್ಕವೂ ಇಲ್ಲ. ನಿಮ್ಮ ಸಂಬಳ ಬಿಟ್ಟರೂ ತಿಂಗಳಿಗೆ 58,500 ಉಳಿಯುತ್ತದೆ. ಮೇಲ್ನೋಟಕ್ಕೆ ನಿಮ್ಮವರು ಗೆದ್ದರು. ಅವರ ತಲೆಯಲ್ಲಿರುವುದು ಇದೇ ಲೆಕ್ಕ, ಹಾಗಾಗಿ ಅವರನ್ನು ದೂರುವಂತಿಲ್ಲ. ಆದರೆ ಕಂತಿನ 38,000ವನ್ನು ಒಡೆದು ನೋಡಿ. ಬಡ್ಡಿ ಶೇ 8.5 ಎಂದಿಟ್ಟುಕೊಂಡರೆ ಅದರಲ್ಲಿ ಬಡ್ಡಿ ಹೋಗುವುದು ಸುಮಾರು 15,000. ಮಿಕ್ಕ 23,000 ಅಸಲಿಗೆ ಜಮೆ. ಅದು ಖರ್ಚಲ್ಲ, ನಿಮ್ಮ ಹೆಸರಿನಲ್ಲೇ ಬೀಳುತ್ತಿರುವ ಉಳಿತಾಯ. ಆ 23,000ವನ್ನು ಮೇಲಿನ 32,000ಕ್ಕೆ ಸೇರಿಸಿದರೆ 55,000. ಮಾರಿದರೆ 58,500, ಮಾರದಿದ್ದರೆ 55,000. ಮೂರೂವರೆ ಸಾವಿರದ ವ್ಯತ್ಯಾಸಕ್ಕೆ ಬೆಂಗಳೂರಿನ ಆಸ್ತಿ ಬಿಡಬೇಕೇ? ಇದೇ ಕಂತು ಕಟ್ಟುತ್ತ ಹೋದರೆ ಇನ್ನು ಆರು ವರ್ಷಕ್ಕೆ ಸಾಲವೂ ಮುಗಿಯುತ್ತದೆ. ಆಗ ನಿಮ್ಮ ಮಗಳು ಪಿಯುಸಿಯಲ್ಲಿರುತ್ತಾಳೆ.

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಒಂದು ಹಳೆಯ ನೆನಪಿದೆ. ನಾನು ಶಾಖೆಯಲ್ಲಿದ್ದಾಗ ನಿವೃತ್ತರೊಬ್ಬರು ಬೆಂಗಳೂರಿನ ಮನೆ ಮಾರಿ ಆ ಹಣವನ್ನು ನಮ್ಮಲ್ಲೇ ಠೇವಣಿ ಇಟ್ಟು ಊರಲ್ಲಿ ದೊಡ್ಡ ಮನೆ ಕಟ್ಟಿಸಿದರು. ಆರು ವರ್ಷ ಚೆನ್ನಾಗಿದ್ದರು. ಅವರು ತೀರಿಹೋದಮೇಲೆ ಹೆಂಡತಿಗೆ ಮಗಳ ಹತ್ತಿರ ಬೆಂಗಳೂರಿಗೆ ಬರುವ ಆಸೆ. ಊರಿನ ಮನೆಗೆ ಗಿರಾಕಿ ಸಿಗಲು ಎರಡು ವರ್ಷ ಹಿಡಿಯಿತು. ಆ ಹಣಕ್ಕೆ ಹಳೆಯ ಬಡಾವಣೆಯಲ್ಲಿ ಒಂದು ರೂಮೂ ಬರುತ್ತಿರಲಿಲ್ಲ. ಬೆಂಗಳೂರಿನಿಂದ ಸಾಗರಕ್ಕೆ ಹೋಗುವುದು ಇಳಿಜಾರು, ವಾಪಸು ಬರುವುದು ಘಟ್ಟ ಹತ್ತಿದ ಹಾಗೆ. ಸಣ್ಣ ಊರು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಯನ್ನು ಎಷ್ಟು ಹೊತ್ತು ಬೇಕಾದರೂ ಮಾಡಬಹುದು. ನಾನು ಬೆಲೆ ಕಟ್ಟುವುದು ವಾಪಸು ಬರುವ ದಾರಿಗೆ.

ನಿಮ್ಮವರಿಗೆ ಇವತ್ತು ಮನೆಯಿಂದ ಕೆಲಸ. ಅದು ಕಂಪನಿಯ ಅನುಕೂಲ, ಕಾಗದದಲ್ಲಿ ಬರೆದುಕೊಟ್ಟ ಹಕ್ಕಲ್ಲ. ವಾರಕ್ಕೆ ಮೂರು ದಿನ ಬನ್ನಿ ಎಂದು ಒಂದು ಇಮೇಲ್ ಬಂದರೆ ಸಾಗರದಲ್ಲಿ ಅದೇ ಸಂಬಳದ ಮತ್ತೊಂದು ಕೆಲಸ ಇಲ್ಲ. ನೀವೂ ಕೆಲಸ ಬಿಟ್ಟಿದ್ದರೆ ಇಡೀ ಮನೆ ಒಂದೇ ಕಂಬದ ಮೇಲೆ ನಿಂತಿರುತ್ತದೆ. ತಿಂಗಳಿಗೆರಡು ದಿನದ ಮಟ್ಟಿಗಾದರೆ ತೊಂದರೆಯಿಲ್ಲ, ತಾಳಗುಪ್ಪದಿಂದ ಸಾಗರದ ಮೇಲೆ ಬರುವ ರಾತ್ರಿ ರೈಲು ಹಿಡಿದರೆ ಬೆಳಿಗ್ಗೆ ಬೆಂಗಳೂರು. ತೊಡಕಿರುವುದು ಊರಿನ ಕಡೆ. ಪೇಟೆಯಲ್ಲಿ ಇಂಟರ್ನೆಟ್ ಸರಿಯಿದ್ದರೂ ಹಳ್ಳಿ ಮನೆಯಲ್ಲಿ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕಾದ ಊರುಗಳು ಈ ತಾಲ್ಲೂಕಿನಲ್ಲಿ ಇನ್ನೂ ಇವೆ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿತ್ತೆಂದರೆ ಕರೆಂಟು ಬರುವುದು ಲೈನ್‌ಮ್ಯಾನ್ ಬಂದಮೇಲೆ. ಇನ್ವರ್ಟರ್, ಬೇರೆ ಬೇರೆ ಕಂಪನಿಯ ಎರಡು ಸಂಪರ್ಕ ಇಲ್ಲದೆ ಅಲ್ಲಿಂದ ಕೆಲಸ ಮಾಡುವ ಮಾತಾಡಬೇಡಿ.

ಗ್ರಾಮೀಣ ಮೀಸಲಾತಿಯ ಆಸೆಯನ್ನು ಇಲ್ಲೇ ಬಿಟ್ಟುಬಿಡಿ. ಸಿಇಟಿಯಲ್ಲಿ ಆ ಶೇ 15ರ ಮೀಸಲಾತಿ ಸಿಗಬೇಕಾದರೆ ಒಂದರಿಂದ ಹತ್ತನೇ ತರಗತಿವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ನಿಮ್ಮ ಮಗಳ ಐದು ವರ್ಷ ಆಗಲೇ ಬೆಂಗಳೂರಿನಲ್ಲಿ ಕಳೆದಿದೆ. ಅಲ್ಲದೆ ಸಾಗರ ನಗರಸಭೆಯ ಊರು, ಅದು ಗ್ರಾಮೀಣ ಪ್ರದೇಶದ ವ್ಯಾಖ್ಯೆಗೇ ಬರುವುದಿಲ್ಲ.

ಓದಿನ ಬಗ್ಗೆ ಉಳಿದಂತೆ ನಿಮಗೆ ಅಷ್ಟು ಭಯ ಬೇಡ. ಹತ್ತನೇ ತರಗತಿವರೆಗೆ ಸಾಗರದಂಥ ಊರು ಮಕ್ಕಳಿಗೆ ಬೆಂಗಳೂರಿಗಿಂತ ಸಲೀಸು, ಬಸ್ಸಿನಲ್ಲಿ ಕಳೆಯುವ ಎರಡು ಗಂಟೆ ಅವಳದ್ದಾಗುತ್ತದೆ. ಹತ್ತಿರದಲ್ಲೇ ಹೆಗ್ಗೋಡು. 1949ರಲ್ಲಿ ಅಲ್ಲಿ ಶುರುವಾದ ನೀನಾಸಮ್ ಎಂಬ ನಾಟಕ ಸಂಸ್ಥೆ ಒಂದು ಹಳ್ಳಿಯಲ್ಲಿ ಕೂತು ಏನು ಮಾಡಿತು ಎಂಬುದಕ್ಕೆ ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಬಂದ ಮ್ಯಾಗ್ಸೆಸೆ ಪ್ರಶಸ್ತಿಯೇ ಸಾಕ್ಷಿ. ಒಳ್ಳೆಯ ನಾಟಕ ನೋಡಲು ಟ್ರಾಫಿಕ್ ದಾಟಬೇಕಿಲ್ಲದ ಬಾಲ್ಯ ಬೆಂಗಳೂರಿನ ಎಷ್ಟು ಮಕ್ಕಳಿಗಿದೆ ಹೇಳಿ. ಶಾಲೆ ಬದಲಿಸುವುದಿದ್ದರೆ ಆರನೇ ತರಗತಿ ಒಳ್ಳೆಯ ಹೊತ್ತು. ಒಂಬತ್ತು, ಹತ್ತರಲ್ಲಿ ಮಾತ್ರ ಬೇಡ. ಸಿಬಿಎಸ್‌ಇಯಿಂದ ರಾಜ್ಯ ಪಠ್ಯಕ್ಕೆ ಹೋಗುವುದಾದರೆ ಕನ್ನಡದ ಪುಸ್ತಕ ಈಗಲೇ ತರಿಸಿ. ಪಿಯುಸಿಗೆ ಬಂದಾಗ ಮಾತ್ರ ಕತೆ ಬೇರೆ. ನೀಟ್, ಜೆಇಇ ಗುಂಗು ಹಿಡಿದ ಮನೆಗಳ ಮಕ್ಕಳು ಮಲೆನಾಡಿನಿಂದ ಮೂಡುಬಿದಿರೆ, ಮಂಗಳೂರಿನ ಹಾಸ್ಟೆಲ್‌ಗಳಿಗೆ ಇಳಿಯುತ್ತಾರೆ. ಶಾಲೆಯಲ್ಲಿ ಉಳಿಸಿದ ದುಡ್ಡು ಅಲ್ಲಿ ಹೋಗುತ್ತದೆ ಎಂದೇ ಇಟ್ಟುಕೊಳ್ಳಿ.

ಆಸ್ಪತ್ರೆಯ ವಿಷಯದಲ್ಲಿ ನಿಮ್ಮ ಭಯ ಸರಿ. ಜ್ವರ, ಹೆರಿಗೆ, ಮೂಳೆ ಮುರಿತಕ್ಕೆ ಸಾಗರ ಸಾಕು. ಹೃದಯ, ಮೆದುಳು, ಕ್ಯಾನ್ಸರ್ ಎಂದರೆ 70 ಕಿ.ಮೀ. ದೂರದ ಶಿವಮೊಗ್ಗ, ಇಲ್ಲವೇ ಘಟ್ಟ ಇಳಿದು ಮಣಿಪಾಲ. ಎದೆನೋವು ಬಂದಾಗ ಮೊದಲ ಗಂಟೆ ಮುಖ್ಯ. ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ಮಾಡಿ, ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುವ ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಎಂಬ ಸರ್ಕಾರದ ಯೋಜನೆಯಿದೆ. ಹೋಗುವ ಮುಂಚೆ ನಿಮ್ಮ ಆಸ್ಪತ್ರೆಯಲ್ಲಿ ಅದು ರಾತ್ರಿ ಹೊತ್ತೂ ನಡೆಯುತ್ತದೆಯೇ ಎಂದು ಸ್ವತಃ ವಿಚಾರಿಸಿ. ನಿಮ್ಮ ಆರೋಗ್ಯ ವಿಮೆಯ ಪಾಲಿಸಿಯನ್ನೂ ತೆಗೆದು ನೋಡಿ. ಕೆಲವು ಕಂಪನಿಗಳು ಊರು ನೋಡಿ ಕಂತು ಕಡಿಮೆ ಮಾಡುತ್ತವೆ. ಆಮೇಲೆ ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆದರೆ ಬಿಲ್ಲಿನ ಒಂದು ಪಾಲು ನೀವೇ ಕಟ್ಟಿ ಎನ್ನುತ್ತವೆ. ವಿಳಾಸ ಬದಲಿಸುವ ಮೊದಲು ಆ ಷರತ್ತು ಓದಿ.

ಮಂಗನ ಕಾಯಿಲೆಯ ಬಗ್ಗೆ ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ರೋಗ ಇದು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಜೀವಗಳೇ ಹೋದವು. ಉಣುಗು ಎಂಬ ರಕ್ತ ಹೀರುವ ಸಣ್ಣ ಹುಳುವಿನಿಂದ ಹರಡುತ್ತದೆ, ಚಳಿಗಾಲದಿಂದ ಮಳೆ ಹಿಡಿಯುವವರೆಗೆ ಅದರ ಕಾಲ. ಪೇಟೆಯಲ್ಲಿರುವವರಿಗೆ ಹೆದರಿಕೆ ಕಡಿಮೆ. ಅತ್ತೆಯವರ ಮನೆ ಕಾಡಂಚಿನಲ್ಲಿದ್ದರೆ ಮಗಳು ಬೇಸಿಗೆ ರಜೆಯಲ್ಲಿ ಬೆಟ್ಟಕ್ಕೆ ಹೋಗುವಾಗ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಲೇಬೇಕು. ಊರವರಿಗೆಲ್ಲ ಗೊತ್ತಿರುವ ವಿಷಯ, ಹೊರಗಿನಿಂದ ಬಂದವರಿಗೆ ಯಾರೂ ಹೇಳುವುದಿಲ್ಲ.

ಇನ್ನು ಊರವರ ಕಣ್ಣು. ಅದು ಸುಳ್ಳಲ್ಲ. ತರಕಾರಿ ಅಂಗಡಿಯಲ್ಲಿ ‘ಯಾರ ಮನೆ ಸೊಸೆ?’ ಎಂದು ಕೇಳಿಯೇ ಕೇಳುತ್ತಾರೆ. ಬೆಂಗಳೂರಿನಲ್ಲಿ ನೀವು ಮಿಸ್, ಅಲ್ಲಿ ಮೊದಲೆರಡು ವರ್ಷ ಯಾರದೋ ಸೊಸೆ. ನೀವು ಯಾವ ಬಟ್ಟೆ ಹಾಕಿದಿರಿ, ಅತ್ತೆಯನ್ನು ನೋಡಲು ಈ ವಾರ ಹೋದಿರೋ ಇಲ್ಲವೋ ಎಲ್ಲಕ್ಕೂ ಲೆಕ್ಕ ಇಡುವವರಿರುತ್ತಾರೆ. ಆದರೆ ಅದೇ ಕಣ್ಣಿಗೆ ಇನ್ನೊಂದು ಕೆಲಸವೂ ಗೊತ್ತು. ನಾನು ಶಾಖೆಯಲ್ಲಿದ್ದಾಗ ಪಕ್ಕದ ಮನೆಯ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದರು. ಮಗ ಹುಬ್ಬಳ್ಳಿಯಲ್ಲಿದ್ದ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿಲ್ಲ ಎಂದು ಎದುರುಮನೆಯವರಿಗೆ ಅನುಮಾನ ಬಂದದ್ದಕ್ಕೇ ಅವರು ಬದುಕಿದ್ದು. ಅವನಿಗೆ ಫೋನ್ ಹೋಗುವಷ್ಟರಲ್ಲಿ ಅಜ್ಜಿ ಆಸ್ಪತ್ರೆಯ ಮಂಚದ ಮೇಲಿದ್ದರು, ದುಡ್ಡು ಕಟ್ಟಿದ್ದವರು ಯಾರೆಂದು ಸಂಜೆವರೆಗೂ ಗೊತ್ತಾಗಲಿಲ್ಲ. ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳುವ ಹಾಗಿಲ್ಲ.

ನೀವು ಗಣಿತ ಶಿಕ್ಷಕಿ. ಸಣ್ಣ ಊರಲ್ಲಿ ಇದಕ್ಕಿರುವಷ್ಟು ಬೆಲೆ ಬೇರೆ ಕೆಲಸಕ್ಕಿಲ್ಲ. ಶಾಲೆಗಳು ಕೊಡುವ ಸಂಬಳ ನೋಡಿ ಬೇಜಾರಾಗಬಹುದು. ಆದರೆ ಎಸ್ಸೆಸ್ಸೆಲ್ಸಿ, ಪಿಯುಸಿ ಗಣಿತಕ್ಕೆ ಚೆನ್ನಾಗಿ ಹೇಳಿಕೊಡುವವರು ಸಿಕ್ಕರೆಂದು ಗೊತ್ತಾದರೆ ಎರಡನೇ ವರ್ಷಕ್ಕೆ ನಿಮ್ಮ ಮನೆ ಮುಂದೆ ಸೈಕಲ್ಲುಗಳ ಸಾಲು ನಿಲ್ಲುತ್ತದೆ. ಆಗ ನೀವು ‘ಟೀಚರ್ ಮನೆ’ಯವರು, ಸೊಸೆಯ ಪಟ್ಟ ತಾನಾಗಿ ಹಿಂದೆ ಸರಿಯುತ್ತದೆ. ಮೊದಲ ವರ್ಷ ಮಾತ್ರ ಕಷ್ಟ. ಅಷ್ಟರೊಳಗೆ ಬೆಂಗಳೂರಿನ ಕೆಲಸಕ್ಕೆ ರಾಜೀನಾಮೆ ಬರೆಯಬೇಡಿ, ಸಂಬಳವಿಲ್ಲದ ಒಂದು ವರ್ಷದ ರಜೆ ಕೇಳಿ ನೋಡಿ. ಗಣಿತದವರನ್ನು ಕಳೆದುಕೊಳ್ಳಲು ಯಾವ ಶಾಲೆಗೂ ಇಷ್ಟವಿರುವುದಿಲ್ಲ.

ಆಸ್ತಿಯ ಕೆಲವು ಮಾತು. ಮಾವನವರು ತೀರಿಕೊಂಡ ಮೇಲೆ ತೋಟದ ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗಿದೆಯೇ? ಆಗದಿದ್ದರೆ ಪಹಣಿಯಲ್ಲಿ ಈಗಲೂ ಅವರ ಹೆಸರೇ ಇರುತ್ತದೆ. ಸೊಸೈಟಿ ಸಾಲಕ್ಕೂ ಬೆಳೆ ವಿಮೆಗೂ ತೊಡಕು. ನಿಮ್ಮವರಿಗೆ ಅಕ್ಕತಂಗಿಯರಿದ್ದರೆ ಅವರಿಗೂ ಅದರಲ್ಲಿ ಪಾಲಿದೆ. ಹಾಗಾಗಿ ‘ನಮ್ಮ ತೋಟ’ ಎನ್ನುವ ಮೊದಲು ಎಲ್ಲರೂ ಕೂತು ಮಾತಾಡಲಿ. ಒಂದೂವರೆ ಎಕರೆ ಅಡಿಕೆಯನ್ನು ನಂಬಿ ಮನೆ ನಡೆಸುವ ಲೆಕ್ಕ ಬೇಡ. ಕೊಳೆರೋಗ ಮೊದಲಿಂದ ಇತ್ತು, ಈಗ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ, ಮರ ಹತ್ತಿ ಅಡಿಕೆ ಗೊನೆ ತೆಗೆಯುವವರು ಸಿಗುವುದೇ ಕಷ್ಟ.

ಸಾಗರದಲ್ಲಿ ಮನೆಯನ್ನೋ ಸೈಟನ್ನೋ ಕೊಳ್ಳುವ ದಿನ ಬಂದರೆ, ಇ-ಖಾತೆ ಇಲ್ಲದೆ ಈಗ ನೋಂದಣಿಯೇ ಆಗದು. ಆದರೆ ಇ-ಖಾತೆ ಇದ್ದಮಾತ್ರಕ್ಕೆ ಹಕ್ಕು ಶುದ್ಧ ಎಂದು ನಂಬಬೇಡಿ. ಭೂಪರಿವರ್ತನೆ ಆದೇಶ, ಮೂವತ್ತು ವರ್ಷದ ಇಸಿ (ಋಣಭಾರ ಪ್ರಮಾಣಪತ್ರ), ಮೂಲ ಮಂಜೂರಾತಿ ಪತ್ರ ನೋಡಿ. ಬಗರ್‌ಹುಕುಂನಲ್ಲಿ (ಸರ್ಕಾರಿ ಜಮೀನು ಉಳುತ್ತಿದ್ದವರಿಗೆ ಅದನ್ನೇ ಸಕ್ರಮ ಮಾಡಿಕೊಟ್ಟದ್ದು) ಮಂಜೂರಾದ ಜಾಗವಾದರೆ ಇಂತಿಷ್ಟು ವರ್ಷ ಪರಭಾರೆ ಮಾಡುವಂತಿಲ್ಲ ಎಂಬ ಷರತ್ತಿರುತ್ತದೆ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿಯಿಲ್ಲದೆ ಕೊಳ್ಳುವಂತೆಯೇ ಇಲ್ಲ. ಲಿಂಗನಮಕ್ಕಿ ಮುಳುಗಡೆಯವರಿಗೆ ಕೊಟ್ಟ ಜಮೀನುಗಳ ಗೋಜಲು ಅಣೆಕಟ್ಟು ಕಟ್ಟಿ ಆರು ದಶಕವಾದರೂ ಬಿಡಿಸಿಲ್ಲ. ಸೊಪ್ಪಿನ ಬೆಟ್ಟವನ್ನು (ತೋಟಕ್ಕೆ ಸೊಪ್ಪು ತರಲು ಬಿಟ್ಟ ಸರ್ಕಾರಿ ಕಾಡು) ತೋರಿಸಿ ‘ಇದೂ ಮನೆಗೆ ಸೇರಿದ್ದೇ’ ಅನ್ನುವವರ ಮಾತಿಗೆ ಒಂದು ರೂಪಾಯಿ ಹೆಚ್ಚು ಕೊಡಬೇಡಿ. ಫ್ಲ್ಯಾಟ್ ಮಾರಿದ ಲಾಭವನ್ನು ಎರಡು ವರ್ಷದೊಳಗೆ ಮತ್ತೊಂದು ಮನೆ ಕೊಳ್ಳಲು, ಇಲ್ಲವೇ ಮೂರು ವರ್ಷದೊಳಗೆ ಕಟ್ಟಿಸಲು ಬಳಸಿದರೆ ತೆರಿಗೆ ವಿನಾಯಿತಿ ಉಂಟು. ಆ ದುಡ್ಡಲ್ಲಿ ಪಕ್ಕದ ತೋಟ ಕೊಂಡರೆ ಈ ವಿನಾಯಿತಿ ಸಿಗುವುದಿಲ್ಲ.

ಮಾವನವರ ವರ್ಷಾಂತಕ್ಕೆ ಇನ್ನೂ ನಾಲ್ಕು ತಿಂಗಳಿದೆ. ಅಪ್ಪನನ್ನು ಕಳೆದುಕೊಂಡ ಮಗನ ಮನಸ್ಸಿನಲ್ಲಿ ಈಗ ಏನಿರುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಅವರಿಗೆ ‘ಬೇಡ’ ಎಂದು ಹೇಳಬೇಡಿ, ‘ವರ್ಷಾಂತ ಆಗುವವರೆಗೆ ಮಾರುವ ಮಾತು ಬೇಡ’ ಎಂದಷ್ಟೇ ಹೇಳಿ. ಅಲ್ಲಿಯವರೆಗೆ ಅವರು ತಿಂಗಳಿಗೆ ಹತ್ತು ದಿನ ಹಳ್ಳಿಯಲ್ಲಿದ್ದು ಅಲ್ಲಿಂದಲೇ ಕೆಲಸ ಮಾಡಿ ನೋಡಲಿ. ನೆಟ್‌ವರ್ಕಿನ ಕತೆ, ತೋಟದ ಕತೆ, ಅಮ್ಮನ ಮನಸ್ಸು ಮೂರೂ ತಿಳಿಯುತ್ತವೆ. ಅಮ್ಮನಿಗೆ ಬೇಕಿರುವುದು ರಾತ್ರಿ ಜೊತೆಗೆ ಮಲಗುವ ಒಬ್ಬರು, ವಾರಕ್ಕೊಮ್ಮೆ ಔಷಧಿ ತಂದುಕೊಡುವವರು ಇಷ್ಟೇ ಎಂದಾದರೆ ಊರಲ್ಲೇ ಸಂಬಳಕ್ಕೆ ಒಬ್ಬರನ್ನು ನೇಮಿಸುವುದು ನೀವು ಮೂವರೂ ಕಿತ್ತುಕೊಂಡು ಹೋಗುವುದಕ್ಕಿಂತ ಅಗ್ಗ. ಅವರನ್ನು ಬೆಂಗಳೂರಿಗೆ ಕರೆತರುವ ಯೋಚನೆ ನಿಮಗಿದ್ದರೆ ಅದನ್ನೂ ಕೇಳಿ, ಆದರೆ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಹಗಲೆಲ್ಲ ಟಿವಿ ಮುಂದೆ ಕೂತು ಸೊರಗಿದ ಮಲೆನಾಡಿನ ಅಜ್ಜಿಯರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಅತ್ತೆಯವರು ಪೇಟೆಗೆ ಬರುತ್ತೇನೆ ಅಂದರೆ, ಅಥವಾ ನೀವು ಪೇಟೆಯಲ್ಲಿದ್ದರೆ ಸಾಕು ಧೈರ್ಯ ಅಂದರೆ, ಹೋಗಿ. ಮಾರದೆ ಹೋಗಿ. ಬಾಡಿಗೆ ಮನೆ ಹಿಡಿದು ಒಂದು ಪೂರ್ತಿ ಮಳೆಗಾಲ ಕಳೆಯಿರಿ. ದಸರಾ ರಜೆಯಲ್ಲಿ ನೋಡಿದ ಸಾಗರ ಬೇರೆ. ಆರಿದ್ರಾದಿಂದ ಆಶ್ಲೇಷದವರೆಗೆ ಬಟ್ಟೆ ಒಣಗದ, ಚಪ್ಪಲಿಗೆ ಬೂಷ್ಟು ಹಿಡಿಯುವ, ಶಾಲೆಗೆ ಮಳೆ ರಜೆ ಬಂದು ಮಗಳು ಮನೆಯಲ್ಲೇ ಕೂರುವ ಸಾಗರ ಬೇರೆ. ಮತ್ತೆ ಅದೇ ಊರಿನ ಬಾವಿಗಳು ಏಪ್ರಿಲ್ ಹೊತ್ತಿಗೆ ತಳ ಕಾಣುತ್ತವೆ, ಮನೆ ಹಿಡಿಯುವಾಗ ಅಕ್ಕಪಕ್ಕದವರನ್ನು ನೀರಿನ ಬಗ್ಗೆ ಕೇಳಿ.

ಫ್ಲ್ಯಾಟಿನ ಬಾಡಿಗೆ ಕರಾರನ್ನು ಎಂದಿನಂತೆ ಹನ್ನೊಂದು ತಿಂಗಳಿಗೆ ಮಾಡಿಸಿ, ಜೂನ್ 1ರಿಂದ. ಅದು ಮುಗಿಯುವುದು ಏಪ್ರಿಲ್ 30ಕ್ಕೆ, ಮಗಳ ಬೇಸಿಗೆ ರಜೆಯಲ್ಲಿ. ಹೋಗುವ ಮುಂಚೆ ಒಂದು ದೊಡ್ಡ ಬೀರು ಮತ್ತು ನಿಮ್ಮ ಪುಸ್ತಕಗಳನ್ನು ಬೆಂಗಳೂರಿನಲ್ಲೇ ನಿಮ್ಮ ತವರಿನಲ್ಲಿ ಇಟ್ಟುಹೋಗಿ.